ತೀರ್ಪುಗಾರರ ಕೈಗೊಂದು ಟಾರ್ಚ್ ಕೊಡಿ

ಅಂಗೈ ಅಗಲದ ಒಂದು ಪ್ಲಾಸ್ಟಿಕ್ ವಿಮಾನ. ಅದನ್ನು ಜೋಡಿಸಿ, ಉಜ್ಜಿ, ಬಣ್ಣ ಹಚ್ಚುವುದಕ್ಕೆ ನಲವತ್ತು ದಾಟಿದ ಒಬ್ಬ ಮನುಷ್ಯ ತಿಂಗಳುಗಟ್ಟಲೆ ತನ್ನ ಸಂಜೆಗಳನ್ನು ಕೊಟ್ಟಿರುತ್ತಾನೆ. ಆಮೇಲೆ ಅದನ್ನು ಡಬ್ಬಿಯಲ್ಲಿ ಮೆತ್ತೆ ಹಾಸಿ ಇಟ್ಟು, ಕಾರಿನಲ್ಲಿ ದೂರದ ಊರಿಗೆ ಒಯ್ದು, ಒಂದು ದೊಡ್ಡ ಹಾಲ್‌ನ ಮೇಜಿನ ಮೇಲೆ ಇಡುತ್ತಾನೆ. ಮೂವರು ಬಂದು ಟಾರ್ಚ್ ಬಿಟ್ಟು ನೋಡುತ್ತಾರೆ. ಗೆದ್ದರೆ ಸಿಗುವುದು ಒಂದು ಪದಕ, ಇಲ್ಲವೇ ಗೋಡೆಗೆ ತೂಗುಹಾಕುವ ಒಂದು ಫಲಕ. ಹಣದ ಮಾತು ಸಾಮಾನ್ಯವಾಗಿ ಇರುವುದಿಲ್ಲ.

ಇದು ಇಂಗ್ಲೆಂಡ್, ಅಮೆರಿಕದ ಹವ್ಯಾಸಿಗಳ ಕಥೆ. ನಮ್ಮೂರಿನವರಿಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಆ ಮೇಜಿನ ಸುತ್ತ ಅರವತ್ತು ವರ್ಷಗಳಿಂದ ಒಂದು ಜಗಳ ನಡೆಯುತ್ತಿದೆ. ಒಂದು ಕೆಲಸ ಚೆನ್ನಾಗಿದೆ ಎಂದು ಹೇಳುವುದು ಹೇಗೆ, ಯಾರು ಹೇಳಬೇಕು, ಸೋತವನಿಗೆ ಏನು ಹೇಳಬೇಕು ಎಂಬ ಜಗಳ. ನಮ್ಮ ತಾಲ್ಲೂಕಿನ ಶಾಲಾ ಸ್ಪರ್ಧೆಗಳ ಮೇಜಿನ ಸುತ್ತ ಆ ಜಗಳ ನಡೆಯುವುದೇ ಇಲ್ಲ. ನಡೆಯಬೇಕು ಎನ್ನುವುದು ನಮ್ಮ ವಾದ.

ಟ್ರ್ಯಾಕ್ಟರಿನಿಂದ ಬಂದ ಹವ್ಯಾಸ

ಮೊದಲು ಈ ಹವ್ಯಾಸ ಏನೆಂದು ಹೇಳಿಬಿಡುತ್ತೇವೆ. ಏರ್‌ಫಿಕ್ಸ್ ಎಂಬ ಬ್ರಿಟಿಷ್ ಕಂಪನಿ 1939ರಲ್ಲಿ ಶುರುವಾಯಿತು. ಮೊದಮೊದಲು ರಬ್ಬರ್ ಆಟಿಕೆ ಮಾಡುತ್ತಿತ್ತು, ಆಮೇಲೆ ಬಾಚಣಿಗೆಯನ್ನೂ ಮಾಡಿತು. 1949ರ ಸುಮಾರಿಗೆ ಫರ್ಗೂಸನ್ ಟ್ರ್ಯಾಕ್ಟರ್ ಕಂಪನಿಯ ಮಾರಾಟಗಾರರು ಗಿರಾಕಿಗಳಿಗೆ ತೋರಿಸಲೆಂದು ಆ ಟ್ರ್ಯಾಕ್ಟರಿನ ಪುಟ್ಟ ಪ್ಲಾಸ್ಟಿಕ್ ಮಾದರಿ ಮಾಡಿಕೊಟ್ಟಿತು. ಮುಂದೆ ಅದರ ಬಿಡಿಭಾಗಗಳನ್ನೇ ಪೆಟ್ಟಿಗೆಗೆ ಹಾಕಿ, ನೀವೇ ಜೋಡಿಸಿಕೊಳ್ಳಿ ಎಂದು ಮಾರಿತು. ನಮ್ಮ ಹೊಲಗಳಲ್ಲಿ ಉಳುವ ಮ್ಯಾಸಿ ಫರ್ಗೂಸನ್ ಟ್ರ್ಯಾಕ್ಟರಿನ ಹೆಸರಿನಲ್ಲಿರುವ ಫರ್ಗೂಸನ್ ಇದೇ.

ಇಂಥ ಪೆಟ್ಟಿಗೆಗೆ ಕಿಟ್ ಎನ್ನುತ್ತಾರೆ. ವಿಮಾನ, ಟ್ಯಾಂಕ್, ಹಡಗು, ಕಾರು, ಸೈನಿಕ, ಹೀಗೆ ಎಲ್ಲದರ ಕಿಟ್ ಇವೆ. ಎಲ್ಲವೂ ಅಳತೆಗೆ ತಕ್ಕಂತೆ ಇರಬೇಕು. 1/72 ಎಂದರೆ ನಿಜವಾದ ವಸ್ತುವಿನ ಎಪ್ಪತ್ತೆರಡನೇ ಒಂದು ಪಾಲು. ಆರಡಿ ಎತ್ತರದ ಆಳು ಆ ಅಳತೆಯಲ್ಲಿ ಸರಿಯಾಗಿ ಒಂದು ಇಂಚು ಆಗುತ್ತಾನೆ. ಟ್ಯಾಂಕುಗಳಿಗೆ 1/35, ವಿಮಾನಗಳಿಗೆ 1/72 ಮತ್ತು 1/48, ಕಾರುಗಳಿಗೆ 1/24 ಹೆಚ್ಚು ಬಳಕೆಯಲ್ಲಿರುವ ಅಳತೆಗಳು.

ಹವ್ಯಾಸ ಬೆಳೆದ ಮೇಲೆ ಸಂಘ ಬರಲೇಬೇಕಲ್ಲ. 1963ರಲ್ಲಿ ಬ್ರಿಟನ್ನಿನಲ್ಲಿ ಇಂಟರ್‌ನ್ಯಾಷನಲ್ ಪ್ಲಾಸ್ಟಿಕ್ ಮಾಡೆಲರ್ಸ್ ಸೊಸೈಟಿ, ಚಿಕ್ಕದಾಗಿ ಐಪಿಎಂಎಸ್, ಹುಟ್ಟಿತು. ಮರುವರ್ಷ ಅಮೆರಿಕದ ಶಾಖೆ ಬಂತು. ಇಂಗ್ಲೆಂಡಿನ ಟೆಲ್‌ಫರ್ಡ್ ಊರಿನಲ್ಲಿ ಪ್ರತಿ ನವೆಂಬರ್‌ನಲ್ಲಿ ಇವರ ಜಾತ್ರೆಯೇ ನಡೆಯುತ್ತದೆ. ಸಂಘ ಬಂದಮೇಲೆ ಸ್ಪರ್ಧೆ ಬಂತು. ಸ್ಪರ್ಧೆ ಬಂದಮೇಲೆ ತೀರ್ಪುಗಾರರು ಬಂದರು. ಜಗಳವೂ ಬಂತು.

ಟಾರ್ಚ್ ಬಿಟ್ಟು ಏನು ನೋಡುತ್ತಾರೆ?

ಅಮೆರಿಕದ ಐಪಿಎಂಎಸ್ ಸ್ಪರ್ಧೆಯಲ್ಲಿ ತೀರ್ಪುಗಾರರು ತಂಡವಾಗಿ ಬರುತ್ತಾರೆ. ಮಾದರಿಯನ್ನು ಕೈಯಿಂದ ಮುಟ್ಟುವುದಿಲ್ಲ. ಬಗ್ಗಿ, ಓರೆಯಾಗಿ, ಸಣ್ಣ ಟಾರ್ಚ್ ಬಿಟ್ಟು ನೋಡುತ್ತಾರೆ. ತಾವೇ ಸ್ಪರ್ಧೆಗೆ ಇಟ್ಟಿರುವ ವಿಭಾಗದಲ್ಲಿ ಯಾರೂ ತೀರ್ಪು ಕೊಡುವಂತಿಲ್ಲ.

ಅವರು ಮೊದಲು ನೋಡುವುದು ಬಣ್ಣದ ಮಿಂಚನ್ನಲ್ಲ. ಎರಡು ಅರ್ಧಗಳನ್ನು ಅಂಟಿಸಿದ ಜಾಗದಲ್ಲಿ ಗೀರು ಕಾಣುತ್ತಿದೆಯೇ? ಸಂದು ಉಳಿದಿದೆಯೇ? ಗಾಜಿನ ಭಾಗದ ಮೇಲೆ ಅಂಟಿನ ಕಲೆ, ಬೆರಳಚ್ಚು ಇದೆಯೇ? ಎರಡು ರೆಕ್ಕೆ ಒಂದೇ ಕೋನದಲ್ಲಿವೆಯೇ? ಟ್ಯಾಂಕಿನ ಚಕ್ರಗಳೆಲ್ಲ ನೆಲ ಮುಟ್ಟಿವೆಯೇ, ಒಂದು ಗಾಳಿಯಲ್ಲಿ ತೂಗುತ್ತಿದೆಯೇ? ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಚಿತ್ರಗಳ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತಿದೆಯೇ? ಇವೆಲ್ಲ ಆದಮೇಲೆ ಉಳಿದ ಸೊಗಸು.

ಗಾರೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಮನೆಗೆ ಎಷ್ಟೇ ಚಂದದ ಬಣ್ಣ ಬಳಿದಿರಲಿ, ಅನುಭವಿ ಮೇಸ್ತ್ರಿ ಬಂದವನೇ ಗೋಡೆಯ ಮೂಲೆ ನೋಡುತ್ತಾನೆ, ತೂಕದ ಗುಂಡು ಬಿಡುತ್ತಾನೆ. ಗೋಡೆ ಸೊಟ್ಟಗಿದ್ದರೆ ಬಣ್ಣದ ಮಾತು ಆಮೇಲೆ.

ಇದರಲ್ಲಿ ಇನ್ನೊಂದು ಜಾಣತನವಿದೆ. ಆ ವಿಮಾನದ ಹಸಿರು ಬಣ್ಣ 1943ರಲ್ಲಿ ನಿಜಕ್ಕೂ ಹೀಗೇ ಇತ್ತೇ ಎಂಬುದರ ಮೇಲೆ ತೀರ್ಪು ಕೊಡಲು ಹೋದರೆ, ತೀರ್ಪುಗಾರನಿಗೆ ಪ್ರಪಂಚದ ಎಲ್ಲ ವಿಮಾನಗಳ ಚರಿತ್ರೆ ಗೊತ್ತಿರಬೇಕಾಗುತ್ತದೆ. ಗೊತ್ತಿರುವ ಒಂದೆರಡು ವಿಮಾನಗಳಲ್ಲಿ ಅವನು ಕಠಿಣನಾಗುತ್ತಾನೆ, ಗೊತ್ತಿಲ್ಲದ ಕಡೆ ಸಡಿಲನಾಗುತ್ತಾನೆ. ಅದು ಅನ್ಯಾಯ. ಜೋಡಣೆಯ ಗೀರು ಮಾತ್ರ ಎಲ್ಲರ ಮಾದರಿಯಲ್ಲೂ ಒಂದೇ ತರ ಕಾಣುತ್ತದೆ. ಅದನ್ನು ನೋಡಲು ಕಣ್ಣು ಮತ್ತು ಟಾರ್ಚ್ ಸಾಕು. ಆ ಹವ್ಯಾಸಿಗಳಲ್ಲಿ ಪ್ರತಿ ಮೊಳೆಯನ್ನೂ ಎಣಿಸಿ ತಪ್ಪು ಹುಡುಕುವವರು ಇದ್ದಾರೆ. ಅವರನ್ನು ಉಳಿದವರು ‘ರಿವೆಟ್ ಎಣಿಸುವವರು’ ಎಂದೇ ಗೇಲಿ ಮಾಡುತ್ತಾರೆ.

ಒಂದು-ಎರಡು-ಮೂರೋ, ನಿಶಾನೆಯೋ?

ದೊಡ್ಡ ಜಗಳ ಇರುವುದು ಇಲ್ಲಿ.

ಒಂದು ಪದ್ಧತಿ ನಮಗೆಲ್ಲ ಗೊತ್ತಿರುವುದೇ. ಒಂದು ವಿಭಾಗದಲ್ಲಿ ಇಪ್ಪತ್ತು ಮಾದರಿ ಇದ್ದರೆ ಒಂದನ್ನೊಂದು ಹೋಲಿಸಿ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಆರಿಸುವುದು. ಉಳಿದ ಹದಿನೇಳು ಮನೆಗೆ. ಅಮೆರಿಕದ ಐಪಿಎಂಎಸ್ ಬಹುಕಾಲ ನಡೆಸಿಕೊಂಡು ಬಂದದ್ದು ಇದನ್ನೇ.

ಇನ್ನೊಂದು ಪದ್ಧತಿಯಲ್ಲಿ ಒಬ್ಬರ ಮಾದರಿಯನ್ನು ಇನ್ನೊಬ್ಬರದರ ಜೊತೆ ಹೋಲಿಸುವುದಿಲ್ಲ. ಮೊದಲೇ ಬರೆದಿಟ್ಟ ಮಟ್ಟದ ಜೊತೆ ಹೋಲಿಸುತ್ತಾರೆ. ಆ ಮಟ್ಟ ಮುಟ್ಟಿದವರಿಗೆಲ್ಲ ಚಿನ್ನ. ಸ್ವಲ್ಪ ಕಡಿಮೆಯಾದರೆ ಬೆಳ್ಳಿ, ಇನ್ನೂ ಕಡಿಮೆಯಾದರೆ ಕಂಚು. ಐವರು ಮುಟ್ಟಿದರೆ ಐದು ಚಿನ್ನ. ಯಾರೂ ಮುಟ್ಟದಿದ್ದರೆ ಯಾರಿಗೂ ಇಲ್ಲ. ಟ್ಯಾಂಕ್ ಮಾದರಿ ಮಾಡುವವರ ಎಎಂಪಿಎಸ್ ಎಂಬ ಅಮೆರಿಕದ ಸಂಘ, ಚಿಕಾಗೋದಲ್ಲಿ ನಡೆಯುವ ಪುಟ್ಟ ಸೈನಿಕ ಬೊಂಬೆಗಳ ಪ್ರದರ್ಶನ ಈ ದಾರಿ ಹಿಡಿದಿವೆ.

ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬಳದಲ್ಲಿ ಹಗ್ಗ, ನೇಗಿಲು ವಿಭಾಗಗಳಲ್ಲಿ ಯಾವ ಜೋಡಿ ಮೊದಲು ಗುರಿ ಮುಟ್ಟಿತು ಎಂದು ನೋಡುತ್ತಾರೆ. ಕನೆ ಹಲಗೆಯಲ್ಲಿ ಹಾಗಲ್ಲ. ಅಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ. ಹಲಗೆಯಿಂದ ಚಿಮ್ಮಿದ ನೀರು ನಿಶಾನೆ ಮುಟ್ಟಬೇಕು. ಪಕ್ಕದವರ ಕೋಣ ಹೇಗೆ ಓಡಿತು ಎನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಮುಟ್ಟಿತೋ ಇಲ್ಲವೋ, ನೆರೆದ ಜನರೆಲ್ಲ ಕಣ್ಣಾರೆ ನೋಡುತ್ತಾರೆ. ಎಎಂಪಿಎಸ್ ಮಾಡುತ್ತಿರುವುದು ಇದನ್ನೇ, ಮೇಜಿನ ಮೇಲೆ.

ಎರಡೂ ಕಡೆ ವಾದ ಇದೆ. ಒಂದು-ಎರಡು-ಮೂರರವರು ಹೇಳುತ್ತಾರೆ: ನೂರಾರು ಮಾದರಿ ಬಂದಾಗ ಪ್ರತಿಯೊಂದಕ್ಕೂ ಅಂಕ ಹಾಕುತ್ತ ಕೂತರೆ ಬೆಳಗಾಗುತ್ತದೆ. ತೀರ್ಪುಗಾರರು ಸಂಬಳದವರಲ್ಲ, ಅವರೂ ಹವ್ಯಾಸಿಗಳೇ. ಎಲ್ಲರಿಗೂ ಪದಕ ಹಂಚಿದರೆ ಪದಕಕ್ಕೆ ಬೆಲೆ ಏನು? ಈ ಮಾತಿನಲ್ಲಿ ಸತ್ಯವಿದೆ. ಮಟ್ಟ ಎನ್ನುವುದು ಕಾಗದದ ಮೇಲೆ ಒಂದೇ ಇದ್ದರೂ ಈ ವರ್ಷದ ತೀರ್ಪುಗಾರರ ಕಣ್ಣಿಗೂ ಹೋದ ವರ್ಷದವರ ಕಣ್ಣಿಗೂ ವ್ಯತ್ಯಾಸ ಬಂದೇ ಬರುತ್ತದೆ.

ಆದರೂ ನಾವು ನಿಶಾನೆಯ ಕಡೆಗೇ. ಹೋಲಿಕೆಯ ಪದ್ಧತಿಯಲ್ಲಿ ಗೆಲುವು ಆ ದಿನ ಯಾರು ಬಂದರು ಎಂಬುದರ ಮೇಲೆ ನಿಂತಿರುತ್ತದೆ. ಒಳ್ಳೆಯ ಕೆಲಸಗಾರರು ಬಾರದ ದಿನ ಸಾಧಾರಣ ಮಾದರಿಗೂ ಮೊದಲ ಬಹುಮಾನ. ಎಲ್ಲರೂ ಬಂದ ದಿನ ಅತ್ಯುತ್ತಮವಾದದ್ದೂ ನಾಲ್ಕನೆಯದಾಗಿ ಬರಿಗೈಲಿ ವಾಪಸ್. ಸೋತವನಿಗೆ ತನ್ನ ಕೆಲಸದ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಗೆದ್ದವನಿಗೂ ತಿಳಿಯುವುದಿಲ್ಲ.

ಎಎಂಪಿಎಸ್‌ನ ಇನ್ನೆರಡು ನಿಯಮ ನಮಗೆ ಇಷ್ಟವಾಗಿವೆ. ಹೊಸಬರನ್ನು ಪಳಗಿದವರ ಜೊತೆ ಒಂದೇ ಅಳತೆಗೋಲಿನಲ್ಲಿ ಅಳೆಯುವುದಿಲ್ಲ. ಆರಂಭದವರು, ಮಧ್ಯಮದವರು, ಮುಂದುವರಿದವರು ಎಂದು ಹಂತಗಳಿವೆ. ಎರಡನೆಯದು, ಅಂಕದ ಹಾಳೆ ಸ್ಪರ್ಧಿಯ ಕೈಗೆ ಬರುತ್ತದೆ. ಎಲ್ಲಿ ಕಡಿಮೆಯಾಯಿತು, ಮುಂದಿನ ಸಲ ಏನು ಸರಿಮಾಡಬೇಕು ಎಂದು ಅದರಲ್ಲಿ ಬರೆದಿರುತ್ತಾರೆ.

ಪದಕ ಇಲ್ಲದಿದ್ದರೂ ಯಾಕೆ ಹೋಗುತ್ತಾರೆ?

ಹವ್ಯಾಸಿಗಳು ತಾವೇ ಹೇಳಿಕೊಳ್ಳುವ ಕಾರಣಗಳನ್ನು ನೋಡಿದರೆ ಪದಕದ ಆಸೆ ಪಟ್ಟಿಯಲ್ಲಿ ಕೆಳಗಿರುತ್ತದೆ.

ಮೊದಲ ಕಾರಣ ಗಡುವು. ಅರ್ಧ ಮಾಡಿ ಬಿಟ್ಟ ಕಿಟ್‌ಗಳು ಎಲ್ಲರ ಮನೆಯ ಕಪಾಟಿನಲ್ಲೂ ಇರುತ್ತವೆ. ಸ್ಪರ್ಧೆಯ ದಿನಾಂಕ ಗೊತ್ತಾದರೆ ಕೆಲಸ ಮುಗಿಯುತ್ತದೆ. ಮಗಳ ಮದುವೆ ಗೊತ್ತಾದಮೇಲೆ ಮನೆಗೆ ಸುಣ್ಣ ಬಣ್ಣ ಆಗುವ ಹಾಗೆ.

ಎರಡನೆಯದು ಬೇರೆಯವರ ಕಣ್ಣು. ಮನೆಯವರು ಎಲ್ಲವನ್ನೂ ಚೆನ್ನಾಗಿದೆ ಎನ್ನುತ್ತಾರೆ, ಇಲ್ಲವೇ ಎಲ್ಲವನ್ನೂ ದಂಡ ಎನ್ನುತ್ತಾರೆ. ಎರಡರಿಂದಲೂ ಕಲಿಯುವುದೇನಿಲ್ಲ. ಅದೇ ಕೆಲಸ ಮಾಡಿ ಬೆರಳು ಸುಟ್ಟುಕೊಂಡವನು ಹೇಳುವ ಒಂದು ಮಾತಿಗೆ ತೂಕ ಬೇರೆ.

ಮೂರನೆಯದು ಜೊತೆ. ಊರಿಗೊಬ್ಬರಂತೆ ಇರುವ ಹುಚ್ಚರು ವರ್ಷಕ್ಕೊಮ್ಮೆ ಒಂದೇ ಹಾಲ್‌ನಲ್ಲಿ ಸೇರುತ್ತಾರೆ. ಆ ದಿನದ ಮಟ್ಟಿಗೆ ಯಾರೂ ಹುಚ್ಚರಲ್ಲ.

ಇದಕ್ಕೆ ಜಪಾನ್ ಒಳ್ಳೆಯ ಸಾಕ್ಷಿ. ಟ್ಯಾಮಿಯಾ ಎಂಬ ಹೆಸರಾಂತ ಕಿಟ್ ಕಂಪನಿಯ ಊರು ಶಿಜುವೋಕಾ. ಅಲ್ಲಿ ಪ್ರತಿ ಮೇ ತಿಂಗಳು ನಡೆಯುವ ಹಾಬಿ ಮೇಳದ ಜೊತೆಗೆ ಹವ್ಯಾಸಿ ಸಂಘಗಳು ಮೇಜು ಹಾಕಿ ತಮ್ಮ ಮಾದರಿಗಳನ್ನು ಇಡುತ್ತವೆ. ಅಲ್ಲಿ ಮುಖ್ಯವಾದದ್ದು ತೋರಿಸುವುದು, ನೋಡುವುದು, ಮಾತಾಡುವುದು. ಮೊದಲ ಬಹುಮಾನ ಯಾರಿಗೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜನ ಮಾತ್ರ ಕಿಕ್ಕಿರಿದು ಬರುತ್ತಾರೆ.

ದುಡ್ಡು ಮಾತಾಡಿದಾಗ

ಆ ಲೋಕದಲ್ಲೂ ದುಡ್ಡಿನ ಪ್ರಶ್ನೆ ಇದೆ. ಕಿಟ್‌ನ ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಬಿಟ್ಟು, ಹಿತ್ತಾಳೆಯ ತೆಳು ತಗಡಿನ ಭಾಗ, ರಾಳದಲ್ಲಿ ಎರಕ ಹೊಯ್ದ ಎಂಜಿನ್, ಸೀಟು ಎಂದು ಬೇರೆಯಾಗಿ ಕೊಂಡು ಹಾಕಬಹುದು. ಕೆಲವು ಸಲ ಈ ಹೆಚ್ಚುವರಿ ಸಾಮಾನಿನ ಬೆಲೆ ಕಿಟ್‌ನ ಬೆಲೆಯನ್ನೇ ಮೀರುತ್ತದೆ. ಹಾಗಾದರೆ ಕಡಿಮೆ ಸಂಬಳದವನು ಸ್ಪರ್ಧೆಗೆ ಬರುವುದು ಹೇಗೆ?

ಅವರು ಕಂಡುಕೊಂಡ ಉತ್ತರ ‘ಔಟ್ ಆಫ್ ದಿ ಬಾಕ್ಸ್’ ಎಂಬ ವಿಭಾಗ. ಪೆಟ್ಟಿಗೆಯಲ್ಲಿ ಇದ್ದ ಭಾಗಗಳಿಂದಲೇ ಮಾಡಿರಬೇಕು. ಕಿಟ್‌ನ ಜೊತೆ ಬಂದ ಸೂಚನಾ ಹಾಳೆಯನ್ನು ತೀರ್ಪುಗಾರರಿಗೆ ಒದಗಿಸಬೇಕು. ಆಗ ಹಣದ ಚೀಲ ಬದಿಗೆ ಸರಿದು ಕೈಚಳಕ ಮುಂದೆ ಬರುತ್ತದೆ. ಈಗ ತ್ರೀಡಿ ಪ್ರಿಂಟರ್ ಬಂದಿದೆ. ಯಂತ್ರ ಮುದ್ರಿಸಿದ ಭಾಗ ಯಾರ ಕೆಲಸ ಎಂಬ ಹೊಸ ಚರ್ಚೆ ಶುರುವಾಗಿದೆ. ಚರ್ಚೆ ಮುಗಿದಿಲ್ಲ. ಆದರೆ ನಡೆಯುತ್ತಿದೆ, ಅದು ಮುಖ್ಯ.

ಈಗ ನಮ್ಮ ಮೇಜಿಗೆ ಬನ್ನಿ

ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳು ವರ್ಷಕ್ಕೆ ಹತ್ತಾರು ಶಾಲಾ ಸ್ಪರ್ಧೆಗಳಿಗೆ ಹೋಗುತ್ತೇವೆ. ಪ್ರತಿಭಾ ಕಾರಂಜಿ, ವಿಜ್ಞಾನ ವಸ್ತು ಪ್ರದರ್ಶನ, ಕಲೋತ್ಸವ. ದೀಪ ಬೆಳಗಿದ ಫೋಟೊ, ವಿಜೇತರ ಪಟ್ಟಿ, ಇಷ್ಟು ಕಳಿಸಿದರೆ ನಮ್ಮ ಕೆಲಸ ಮುಗಿಯುತ್ತದೆ. ಪಟ್ಟಿಯ ಹಿಂದೆ ಏನು ನಡೆಯಿತು ಎಂದು ಯಾವ ಡೆಸ್ಕೂ ಕೇಳುವುದಿಲ್ಲ.

ವಿಜ್ಞಾನ ಪ್ರದರ್ಶನದ ಮೇಜುಗಳನ್ನು ನೋಡಿ. ಅಂಗಡಿಯಿಂದ ತಂದ ರೆಡಿಮೇಡ್ ಥರ್ಮಾಕೋಲ್ ಮಾದರಿ ಮಿನುಗುವ ಬಲ್ಬಿನ ಸರ ಹಾಕಿಕೊಂಡು ಮುಂದಿನ ಸಾಲಿನಲ್ಲಿರುತ್ತದೆ. ಅದರ ಪಕ್ಕ ನಿಂತ ಮಗುವಿಗೆ ಬಾಯಿಪಾಠ ಮಾಡಿಸಿರುತ್ತಾರೆ. ಹಿಂದಿನ ಸಾಲಿನಲ್ಲಿ ಹಳೆ ಸೈಕಲ್ ಚಕ್ರ, ಪೈಪಿನ ತುಂಡು, ಮೊಳೆ ಸೇರಿಸಿ ತಾನೇ ಮಾಡಿದ ನೀರೆತ್ತುವ ಯಂತ್ರ ಇಟ್ಟುಕೊಂಡು ಒಬ್ಬ ಹುಡುಗ ನಿಂತಿರುತ್ತಾನೆ. ಅತಿಥಿಗಳು ಯಾವುದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ ಎಂದು ನಿಮಗೇ ಗೊತ್ತು. ಬಹುಮಾನವೂ ಬಹಳ ಸಲ ಆ ಕಡೆಗೇ ಹೋಗುತ್ತದೆ.

ಇದರಲ್ಲಿ ದುಡ್ಡೂ ಇದೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ 6ರಿಂದ 12ನೇ ತರಗತಿಯ ಮಕ್ಕಳ ಆಯ್ದ ಯೋಚನೆಗಳಿಗೆ ಮಾದರಿ ಮಾಡಲೆಂದು 10,000 ರೂಪಾಯಿ ಸಿಗುತ್ತದೆ. ಅಲ್ಲಿಂದ ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟದವರೆಗೆ ದಾರಿಯಿದೆ. ಹಳ್ಳಿಯ ಮಗುವಿಗೆ ಇದು ಸಣ್ಣ ಬಾಗಿಲಲ್ಲ. ಯೂಟ್ಯೂಬ್‌ನಿಂದ ಎತ್ತಿದ್ದಕ್ಕೂ ಸ್ವಂತ ತಲೆಯಿಂದ ಬಂದದ್ದಕ್ಕೂ ವ್ಯತ್ಯಾಸ ಗುರುತಿಸುವ ಕಣ್ಣು ಮೊದಲ ಹಂತದಲ್ಲೇ ಇರದಿದ್ದರೆ ಆ ಬಾಗಿಲು ಯಾರಿಗೆ ತೆರೆಯುತ್ತದೆ?

ಪ್ರತಿಭಾ ಕಾರಂಜಿಯ ಮಣ್ಣಿನ ಮಾದರಿ ಸ್ಪರ್ಧೆ ಈ ಮಟ್ಟಿಗೆ ವಾಸಿ. ಮಗು ಅಲ್ಲೇ ಕೂತು ಎಲ್ಲರ ಎದುರಿಗೆ ಮಾಡಬೇಕು. ಅಪ್ಪನ ಕೈ, ಅಂಗಡಿಯ ಕೈ ಸೇರುವುದಿಲ್ಲ. ಅಲ್ಲಿಯೂ ಒಂದು ಕೊರತೆ ಕಂಡಿದ್ದೇವೆ. ಒಂದು ಕ್ಲಸ್ಟರ್ ಮಟ್ಟದ ಸ್ಪರ್ಧೆಯಲ್ಲಿ ಒಬ್ಬ ಹುಡುಗಿ ಎತ್ತಿನ ಗಾಡಿ ಮಾಡಿದ್ದಳು. ನೊಗ ಎರಡೂ ಎತ್ತಿನ ಹೆಗಲ ಮೇಲೆ ಸಮನಾಗಿ ಕೂತಿತ್ತು, ಚಕ್ರ ಗಾಡಿಯ ಅಳತೆಗೆ ಸರಿಯಾಗಿತ್ತು. ದೊಡ್ಡದೊಂದು ಗಣಪತಿಗೆ ಮೊದಲ ಬಹುಮಾನ ಬಂತು. ಗಣಪತಿಯ ಸೊಂಡಿಲಿನ ಬುಡದಲ್ಲಿ ಬಿರುಕು ಬಿಟ್ಟಿತ್ತು. ಗಣಪತಿಗೆ ಬಹುಮಾನ ಕೊಟ್ಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ, ತೀರ್ಪುಗಾರರಿಗೆ ಅವರದೇ ಕಾರಣ ಇದ್ದಿರಬಹುದು. ಆದರೆ ಆ ಹುಡುಗಿ ‘ನನ್ನದರಲ್ಲಿ ಏನು ಕಮ್ಮಿ ಇತ್ತು ಮೇಷ್ಟ್ರೇ?’ ಎಂದು ಕೇಳಿದಾಗ ‘ಮುಂದಿನ ವರ್ಷ ಪ್ರಯತ್ನ ಮಾಡಮ್ಮ’ ಎಂದಷ್ಟೇ ಉತ್ತರ ಬಂತು. ಏನನ್ನು ಪ್ರಯತ್ನ ಮಾಡಬೇಕು? ಆ ಮಗು ಮುಂದಿನ ವರ್ಷ ಗಾಡಿ ಬಿಟ್ಟು ಇನ್ನೂ ದೊಡ್ಡ ಗಣಪತಿ ಮಾಡಿದರೆ ನಾವು ಅವಳಿಗೆ ಕಲಿಸಿದ್ದೇನು?

ಏನು ಮಾಡಬಹುದು?

ದುಡ್ಡು ಬೇಡುವ ಕೆಲಸ ಯಾವುದನ್ನೂ ನಾವು ಹೇಳುತ್ತಿಲ್ಲ.

ಒಂದು, ಏನನ್ನು ನೋಡಿ ಅಂಕ ಕೊಡುತ್ತೇವೆ ಎಂಬ ಒಂದು ಪುಟದ ಹಾಳೆ ಸ್ಪರ್ಧೆಗೆ ಹದಿನೈದು ದಿನ ಮೊದಲೇ ಶಾಲೆಯ ನೋಟಿಸ್ ಬೋರ್ಡಿಗೂ ಪೋಷಕರ ವಾಟ್ಸಾಪ್ ಗುಂಪಿಗೂ ಬರಲಿ.

ಎರಡು, ಆ ಹಾಳೆಯಲ್ಲಿ ಮೊದಲ ಸಾಲು ಮಗುವಿನ ಸ್ವಂತ ಕೈಕೆಲಸಕ್ಕಿರಲಿ, ಜೋಡಣೆಗಿರಲಿ. ಬಣ್ಣ, ಬಲ್ಬು ಕೊನೆಯ ಸಾಲಿನಲ್ಲಿರಲಿ.

ಮೂರು, ಕೊಂಡು ತಂದ ಸಾಮಾನು ಯಾವುದು, ಮನೆಯಲ್ಲಿ ಸಿಕ್ಕಿದ್ದು ಯಾವುದು ಎಂದು ಮಗು ಒಂದು ಚೀಟಿ ಬರೆದು ಮಾದರಿಯ ಪಕ್ಕ ಇಡಲಿ. ಔಟ್ ಆಫ್ ದಿ ಬಾಕ್ಸ್‌ನವರು ಸೂಚನಾ ಹಾಳೆ ಕೊಡುವ ಹಾಗೆ.

ನಾಲ್ಕು, ತನ್ನ ಶಾಲೆಯ ಮಕ್ಕಳಿರುವ ವಿಭಾಗಕ್ಕೆ ಯಾವ ಶಿಕ್ಷಕರೂ ತೀರ್ಪುಗಾರರಾಗದಿರಲಿ. ಊರಿನ ಬಡಗಿ, ಕುಂಬಾರ, ವೆಲ್ಡಿಂಗ್ ಅಂಗಡಿಯವರನ್ನು ಒಬ್ಬರಾದರೂ ಕರೆಯಿರಿ. ಜೋಡಣೆ ನೋಡಲು ಅವರಿಗಿಂತ ಒಳ್ಳೆಯ ಕಣ್ಣು ಎಲ್ಲಿದೆ?

ಐದು, ಸೋತ ಮಗುವಿನ ಕೈಗೆ ಎರಡು ಸಾಲು ಬರೆದುಕೊಡಿ. ಯಾವುದು ಚೆನ್ನಾಗಿದೆ, ಯಾವುದನ್ನು ಸರಿಮಾಡಬೇಕು. ಅಷ್ಟು ಸಾಕು.

ಶಿಕ್ಷಕರು ಏನು ಹೇಳುತ್ತಾರೆ ಎಂದು ನಮಗೆ ಗೊತ್ತು. ಬಿಸಿಯೂಟ, ಸಮೀಕ್ಷೆ, ಆನ್‌ಲೈನ್ ಎಂಟ್ರಿಗಳ ನಡುವೆ ಹಿಂದಿನ ದಿನ ಸಂಜೆ ಫೋನ್ ಮಾಡಿ ‘ನಾಳೆ ನೀವು ಜಡ್ಜ್’ ಎನ್ನುತ್ತಾರೆ. ಇಂಥದ್ದರಲ್ಲಿ ಎರಡು ಸಾಲು ಬರೆಯಲು ಪುರುಸೊತ್ತೆಲ್ಲಿ? ಈ ದೂರು ನಿಜವಾದದ್ದು. ಅದಕ್ಕೇ ಹಾಳೆ ಮೊದಲೇ ಸಿದ್ಧವಾಗಿರಬೇಕು ಎನ್ನುತ್ತಿದ್ದೇವೆ. ಹಾಳೆ ಇದ್ದರೆ ದಿಢೀರ್ ಬಂದ ತೀರ್ಪುಗಾರರಿಗೂ ಕೆಲಸ ಹಗುರ. ಆಮೇಲೆ ಪೋಷಕರು ಜಗಳಕ್ಕೆ ಬಂದರೆ ತೋರಿಸಲು ಕೈಯಲ್ಲಿ ಕಾಗದವೂ ಇರುತ್ತದೆ.

ಹವ್ಯಾಸಿಗಳು ದೊಡ್ಡವರು. ಸೋತರೆ ಗೊಣಗಿಕೊಂಡು ಮುಂದಿನ ವರ್ಷ ಮತ್ತೆ ಬರುತ್ತಾರೆ. ಹನ್ನೆರಡು ವರ್ಷದ ಮಗು ಹಾಗಲ್ಲ. ಒಂದು ಸಲ ‘ನನ್ನ ಕೈಯಲ್ಲಿ ಆಗಲ್ಲ’ ಎಂದು ಮನಸ್ಸಿಗೆ ಬಂದರೆ ಮಣ್ಣನ್ನೋ ಮೊಳೆಯನ್ನೋ ಮತ್ತೆ ಮುಟ್ಟದೇ ಹೋಗಬಹುದು.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಒಂದು ಪ್ರಶ್ನೆ ಕೇಳಿ: ಈ ಸಲದ ಸ್ಪರ್ಧೆಯಲ್ಲಿ ಏನನ್ನು ನೋಡಿ ಅಂಕ ಕೊಡುತ್ತೀರಿ, ಬರೆದು ಕೊಡುತ್ತೀರಾ? ಹಾಳೆ ಕೈಗೆ ಬಂದರೆ ಅದರ ಫೋಟೊ ತೆಗೆದು ನಮಗೂ ಕಳಿಸಿ. ಕೊಡುವುದಿಲ್ಲ ಎಂದರೆ ಅದನ್ನೂ ತಿಳಿಸಿ. ವಿಜೇತರ ಪಟ್ಟಿಯ ಜೊತೆ ಆ ಸುದ್ದಿಯನ್ನೂ ಬರೆಯುತ್ತೇವೆ.